ಬಾಗದ ಚೌಕಳಿ

ಲೇಪಾಕ್ಷಿಯ ವೀರಭದ್ರ ದೇವಾಲಯದ ಮಂಟಪದಲ್ಲಿ ನಿಂತು ಕತ್ತೆತ್ತಿದರೆ, ಮಾಳಿಗೆಯ ಒಳಮೈಗೆ ಬರೆದ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಥೆ. ಇಲ್ಲಿ ಹಂದಿಯ ಬೆನ್ನಟ್ಟಿದ ಕಿರಾತ, ಅಲ್ಲಿ ಬಿಲ್ಲು ಹಿಡಿದ ಅರ್ಜುನ, ಆಚೆ ಪಾರ್ವತಿಯ ಮದುವೆ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಈ ಗುಡಿಗೆ ನಾನು ಶಾಲೆಯ ದಿನಗಳಿಂದಲೂ ಹೋಗುತ್ತಿದ್ದೇನೆ. ಬಹಳ ವರ್ಷ ನಾನೂ ಕಥೆಯನ್ನೇ ನೋಡಿದೆ. ಒಮ್ಮೆ ಕತ್ತು ನೋಯತೊಡಗಿ, ಕಂಬಕ್ಕೆ ಒರಗಿ ಕುಳಿತು, ಒಬ್ಬಳೇ ಒಬ್ಬ ಸಖಿಯ ಸೀರೆಯನ್ನು ನೋಡುತ್ತಾ ಉಳಿದೆ. ಅವಳು ಒಂದು ಕಾಲು ಮುಂದಿಟ್ಟು ನಿಂತಿದ್ದಾಳೆ. ಸೊಂಟ ಬಾಗಿದೆ, ತೊಡೆ ತುಂಬಿಕೊಂಡಿದೆ, ಸೆರಗಿನ ತುದಿ ಮೂಲೆಯಾಗಿ ಹೊರಕ್ಕೆ ಚಾಚಿದೆ. ಸೀರೆಯ ಚೌಕಳಿ ಮಾತ್ರ ಎಲ್ಲೂ ಬಾಗಿಲ್ಲ. ತೊಡೆಯ ಉಬ್ಬಿನ ಮೇಲೆ ಹಾದರೂ ಗೆರೆಗಳು ಹಲಗೆಯ ಮೇಲೆ ಎಳೆದಂತೆ ನೆಟ್ಟಗಿವೆ. ಯಾರೋ ಮಡಿಸದ ಬಟ್ಟೆಯೊಂದನ್ನು ಹರವಿ, ಅದರ ಮೇಲೆ ಹೆಣ್ಣಿನ ಆಕಾರವನ್ನು ಕತ್ತರಿಸಿ ತೆಗೆದ ಹಾಗೆ.

ಬರೆದವನಿಗೆ ಮೈಯ ಉಬ್ಬುತಗ್ಗು ತಿಳಿದಿರಲಿಲ್ಲ ಎನ್ನಲು ಬರುವುದಿಲ್ಲ. ಅದೇ ಸಖಿಯ ಬೆನ್ನಿನಿಂದ ಹಿಮ್ಮಡಿಗೆ ಇಳಿದಿರುವ ಕಪ್ಪು ಗೆರೆಯನ್ನು ನೋಡಿದರೆ ಸಾಕು. ಎಲ್ಲಿ ದಪ್ಪವಾಗಬೇಕು, ಎಲ್ಲಿ ತೆಳುವಾಗಬೇಕು ಎಂದು ಬಲ್ಲ ಕೈ ಅದು. ಅಷ್ಟು ಬಲ್ಲವನು ಚೌಕಳಿಯನ್ನು ನೇರವಾಗಿ ಬಿಟ್ಟಿದ್ದಾನೆಂದರೆ ಬೇಕೆಂದೇ ಬಿಟ್ಟಿದ್ದಾನೆ. ಗೆರೆ ಮೈಯನ್ನು ಹೇಳುತ್ತದೆ, ಚೌಕಳಿ ಮಾಳಿಗೆಯನ್ನು ಹೇಳುತ್ತದೆ. ಗೆರೆ ಕಣ್ಣನ್ನು ಒಳಕ್ಕೆ ಕರೆಯುತ್ತದೆ, ಚೌಕಳಿ ಅದನ್ನು ಸುಣ್ಣದ ಗಾರೆಯ ಮಟ್ಟಕ್ಕೆ ಮರಳಿ ತಂದು ನಿಲ್ಲಿಸುತ್ತದೆ. ಇಂದಿನ ಚಿತ್ರಕಾರರು ವಿನ್ಯಾಸ, ಮೇಲ್ಮೈ ಎಂಬ ಎರಡು ಮಾತುಗಳನ್ನು ಜೊತೆಜೊತೆಯಾಗಿ ಬಳಸುವಾಗ ಅವರ ಮನಸ್ಸಿನಲ್ಲಿರುವುದು ಈ ಎಳೆದಾಟವೇ.

ಚಿತ್ರ ಪ್ರದರ್ಶನಗಳಲ್ಲಿ ನಾನು ಪದೇ ಪದೇ ಕೇಳಿರುವ ಮಾತೊಂದಿದೆ: "ಇದರಲ್ಲಿ ಚಿತ್ರ ಎಲ್ಲಿದೆ? ಬರೀ ಡಿಸೈನ್." ಆ "ಬರೀ" ನನಗೆ ನೋವು ಕೊಡುತ್ತದೆ. ಅದನ್ನು ಹೇಳುವವರ ಮೈಮೇಲೆ ಧರ್ಮಾವರದ ಸೀರೆಯೋ ಚೌಕಳಿ ಅಂಗಿಯೋ ಇರುತ್ತದೆ. ಅದನ್ನು ಆರಿಸಿಕೊಳ್ಳಲು ಅವರು ಅಂಗಡಿಯಲ್ಲಿ ಒಂದು ಗಂಟೆ ಕಳೆದಿರುತ್ತಾರೆ, ಬಿಸಿಲಿಗೆ ಹಿಡಿದು ನೋಡಿರುತ್ತಾರೆ, ಅಂಚಿಗೂ ಒಡಲಿಗೂ ಹೊಂದುತ್ತದೆಯೇ ಎಂದು ಮನೆಮಂದಿಯನ್ನೆಲ್ಲ ಕೇಳಿರುತ್ತಾರೆ. ಬಟ್ಟೆಯ ಮುಂದೆ ಅಷ್ಟು ಚುರುಕಾಗಿರುವ ಕಣ್ಣು ಕ್ಯಾನ್ವಾಸಿನ ಮುಂದೆ ಬಂದಾಗ ತನ್ನ ಬಲ್ಲತನವನ್ನು ಬಾಗಿಲಲ್ಲೇ ಬಿಟ್ಟು ಬರುತ್ತದೆ. ನಮ್ಮ ಮಾತಿನಲ್ಲಿ ಅಂಚು ಎಂದರೆ ಅಂಚು, ತೆಲುಗಿನಲ್ಲೂ ಅಂಚು. ಈ ಗಡಿಯ ಊರುಗಳಲ್ಲಿ ಎರಡು ಭಾಷೆಗಳೂ ಸೀರೆ ಅಂಗಡಿಯಲ್ಲಿ ಒಂದೇ ಪದಕ್ಕೆ ಬಂದು ನಿಲ್ಲುತ್ತವೆ. ಆ ಕಣ್ಣನ್ನೇ ಚಿತ್ರದ ಮುಂದೆ ಒಯ್ಯಬೇಕು ಎಂಬುದಷ್ಟೇ ನನ್ನ ಕೋರಿಕೆ.

ಒಂದು ಆಕಾರ ಮತ್ತೆ ಮತ್ತೆ ಬಂದರೆ ಅದನ್ನು ವಿನ್ಯಾಸ ಎನ್ನುತ್ತೇವೆ. ಆದರೆ ಅದರಲ್ಲಿ ಮರೆತುಹೋಗುವ ಅರ್ಧವೊಂದಿದೆ: ಆಕಾರಗಳ ನಡುವಿನ ಬಿಡುವೂ ಮತ್ತೆ ಮತ್ತೆ ಬರಬೇಕು. ನೇಕಾರರು ಬುಟ್ಟಾವನ್ನು ಎಣಿಸುವುದಕ್ಕಿಂತ ಹೆಚ್ಚು ಜಾಗರೂಕತೆಯಿಂದ ಎರಡು ಬುಟ್ಟಾಗಳ ನಡುವಿನ ಎಳೆಗಳನ್ನು ಎಣಿಸುತ್ತಾರೆ. ಅಲ್ಲಿ ಎರಡು ಎಳೆ ತಪ್ಪಿದರೆ ಇಡೀ ಒಡಲು ವಾಲಿದಂತೆ ಕಾಣುತ್ತದೆ. ಹೂವಿಗೆ ಎಷ್ಟು ತೂಕವೋ ಬಯಲಿಗೂ ಅಷ್ಟೇ ತೂಕ. ಚಿತ್ರದಲ್ಲಿ ಇದು ನಡೆದಾಗ ದೊಡ್ಡದೊಂದು ಬದಲಾವಣೆಯಾಗುತ್ತದೆ. ಮುಖ್ಯ ಆಕೃತಿ, ಹಿನ್ನೆಲೆ ಎಂಬ ಮೇಲುಕೀಳು ಅಳಿಯುತ್ತದೆ. ಕಣ್ಣು ಒಂದೆಡೆ ನೆಲೆಯಾಗದೆ ಎಲ್ಲ ಕಡೆಗೂ ಸಮನಾಗಿ ಓಡಾಡುತ್ತದೆ.

ಮೇಲ್ಮೈ ಎಂಬ ಮಾತಿಗೂ ಎರಡು ಅರ್ಥಗಳಿವೆ. ಒಂದು, ಚಿತ್ರ ಕುಳಿತಿರುವ ನಿಜವಾದ ಚರ್ಮ: ಗಾರೆ, ಕಾಗದ, ಬಟ್ಟೆ, ತೊಗಲು. ಅದು ಒರಟೋ ನುಣುಪೋ, ಬಣ್ಣವನ್ನು ಹೀರುತ್ತದೆಯೋ ಮೇಲೆಯೇ ತೇಲಿಸುತ್ತದೆಯೋ ಎಂಬುದೆಲ್ಲ ಇಲ್ಲಿ ಸೇರುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಒಡವೆಗಳನ್ನು ಜೆಸ್ಸೊ ಎಂಬ ಬಿಳಿಯ ಅಂಟು ಲೇಪದಿಂದ ತುಸುವೇ ಉಬ್ಬಿಸಿ ಚಿನ್ನದ ರೇಕು ಹಚ್ಚುತ್ತಾರಲ್ಲ, ಬೆರಳಾಡಿಸಿದರೆ ತಿಳಿಯುವ ಆ ಉಬ್ಬು ಮೇಲ್ಮೈಯ ಕೆಲಸ. ಇನ್ನೊಂದು ಅರ್ಥ ಕಣ್ಣಿಗೆ ಸಂಬಂಧಿಸಿದ್ದು. ಚಿತ್ರ ತನ್ನನ್ನು ಒಂದು ಹಲಗೆ ಎಂದು ಒಪ್ಪಿಕೊಳ್ಳುತ್ತದೆಯೇ, ಇಲ್ಲವೇ ತಾನು ಒಂದು ಕೋಣೆ, ಒಂದು ಬಯಲು ಎಂದು ನಂಬಿಸುತ್ತದೆಯೇ ಎಂಬ ಪ್ರಶ್ನೆ ಅದು.

ಇಟಲಿಯ ಕಲಾಚಿಂತಕ ಆಲ್ಬರ್ಟಿ 1435ರಲ್ಲಿ ಚಿತ್ರವನ್ನು ತೆರೆದ ಕಿಟಕಿಗೆ ಹೋಲಿಸಿದ. ಕಿಟಕಿಯ ಗಾಜನ್ನು ಯಾರೂ ನೋಡುವುದಿಲ್ಲ, ಅದರಾಚೆಯ ಊರನ್ನು ನೋಡುತ್ತಾರೆ. ಆ ಮಾತಿನ ನಂತರ ಯುರೋಪಿನ ಚಿತ್ರಕಲೆ ನಾಲ್ಕು ಶತಮಾನಗಳ ಕಾಲ ಗಾಜನ್ನು ಒರೆಸುತ್ತಾ ಬಂದಿತು. ಅದೇ ಅವಧಿಯಲ್ಲಿ, 1530ರ ದಶಕದಲ್ಲಿ, ವಿಜಯನಗರದ ಅಚ್ಯುತದೇವರಾಯನ ಅಧಿಕಾರಿ ವಿರೂಪಣ್ಣ ಮತ್ತು ಅವನ ಸಹೋದರ ವೀರಣ್ಣ ಲೇಪಾಕ್ಷಿಯ ಗುಡಿಯನ್ನು ಕಟ್ಟಿಸಿದರು. ಇಲ್ಲಿನ ಚಿತ್ರಕಾರನ ಮನಸ್ಸಿನಲ್ಲಿದ್ದದ್ದು ಕಿಟಕಿಯಲ್ಲ, ಮೇಲ್ಕಟ್ಟು. ಮದುವೆಯ ಚಪ್ಪರದಲ್ಲಿ, ದೇವರ ಉತ್ಸವದಲ್ಲಿ ತಲೆಯ ಮೇಲೆ ಬಿಗಿದು ಕಟ್ಟುವ ಬಟ್ಟೆ. ಮಾಳಿಗೆಯ ಉದ್ದುದ್ದ ಪಟ್ಟಿಗಳನ್ನು ನೋಡಿದಾಗ ನನಗೆ ಹಾಗೆಯೇ ತೋರುತ್ತದೆ. ಪ್ರತಿ ಪಟ್ಟಿಗೂ ಎರಡೂ ಬದಿಯಲ್ಲಿ ಹೂಬಳ್ಳಿಯ ಅಂಚು, ನಡುವೆ ಒಡಲಿನಂತೆ ಹರಡಿದ ಕಥೆ. ಕೆಂಪು ಕಾವಿ, ಹಳದಿ, ಸುಣ್ಣದ ಬಿಳಿ, ಕಪ್ಪು, ಎಲ್ಲೋ ಹಸಿರು. ವಿರೂಪಣ್ಣನ ಪರಿವಾರದವರು ಉದ್ದನೆಯ ಕುಳ್ಳಾಯಿ ತೊಟ್ಟು ಸಾಲಾಗಿ ನಿಂತಿದ್ದಾರೆ. ಆ ಮೊನಚು ಟೋಪಿಗಳ ಸಾಲೇ ಒಂದು ವಿನ್ಯಾಸವಾಗಿಬಿಟ್ಟಿದೆ. ಪಕ್ಕಕ್ಕೆ ತಿರುಗಿದ ಮುಖಗಳು, ಒಂದೇ ಬಗೆಯ ದೊಡ್ಡ ಕಣ್ಣುಗಳು, ಅವೂ ಬುಟ್ಟಾಗಳ ಹಾಗೆ ಬರುತ್ತವೆ.

ಇಷ್ಟು ಹೇಳಿದ ಮೇಲೆ ಮಗ್ಗದ ಬಳಿ ಹೋಗದಿದ್ದರೆ ಮಾತು ಅರ್ಧವಾಗುತ್ತದೆ. ಗುಡಿಯ ಹೊರಪ್ರಾಕಾರದ ಲತಾಮಂಟಪದಲ್ಲಿ ಮೂವತ್ತಕ್ಕೂ ಹೆಚ್ಚು ಕಂಬಗಳಿವೆ. ಅವುಗಳ ಮೈತುಂಬ ಚೌಕ ಚೌಕವಾಗಿ ಬಳ್ಳಿ, ಹಂಸ, ಕಮಲ, ಹೆಣೆದುಕೊಂಡ ಗೆರೆಗಳು. ನಮ್ಮ ಕಡೆಯ ನೇಕಾರರು ಅವನ್ನು ಸೀರೆಗೆ ಇಳಿಸಿಕೊಂಡಿದ್ದಾರೆ, "ಲೇಪಾಕ್ಷಿ ಡಿಸೈನ್" ಎಂದೇ ಅಂಗಡಿಗಳಲ್ಲಿ ಹೆಸರು. ಇಳಿಸುವ ಬಗೆಯನ್ನು ನೋಡಬೇಕು. ಮೊದಲು ಕಲ್ಲಿನ ಬಳ್ಳಿಯನ್ನು ಗ್ರಾಫ್ ಕಾಗದದ ಮೇಲೆ ಚೌಕಗಳಾಗಿ ಒಡೆಯುತ್ತಾರೆ. ಬಳುಕಿನ ಗೆರೆ ಅಲ್ಲಿ ಮೆಟ್ಟಿಲು ಮೆಟ್ಟಿಲಾಗುತ್ತದೆ. ಆಮೇಲೆ ಅದು ರಟ್ಟಿನ ಕಾರ್ಡುಗಳ ತೂತುಗಳಾಗುತ್ತದೆ. ಜಕಾರ್ಡ್ ಮಗ್ಗದಲ್ಲಿ ಹೊಕ್ಕಿನ ಒಂದೊಂದು ಎಳೆಗೆ ಒಂದೊಂದು ಕಾರ್ಡು; ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಹಂಸದ ಕೊಕ್ಕು ಎಂದರೆ ಇಂತಿಷ್ಟು ಎಳೆಗಳು ಎದ್ದವು, ಇಂತಿಷ್ಟು ಮಲಗಿದವು ಎಂಬ ಲೆಕ್ಕ. ಹೀಗೆ ನೇಯ್ದ ಬಟ್ಟೆಯಲ್ಲಿ ಹಂಸವನ್ನು ಬಟ್ಟೆಯಿಂದ ಬೇರೆ ಮಾಡಲಾಗದು. ಹಂಸವನ್ನು ಬಿಚ್ಚಿದರೆ ಬಟ್ಟೆಯೇ ಬಿಚ್ಚಿಹೋಗುತ್ತದೆ.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಮಗ್ಗದಲ್ಲಿ ವಿನ್ಯಾಸವೂ ಮೇಲ್ಮೈಯೂ ಹುಟ್ಟುವುದು ಒಟ್ಟಿಗೆ. ಚಿತ್ರಕಾರನಿಗೆ ಆ ಭಾಗ್ಯವಿಲ್ಲ. ಅವನಿಗೆ ಮೇಲ್ಮೈ ಮೊದಲೇ ಸಿದ್ಧವಾಗಿ ಸಿಗುತ್ತದೆ, ವಿನ್ಯಾಸವನ್ನು ಅವನು ಆಮೇಲೆ ಅದರ ಮೇಲೆ ಇಡಬೇಕು. ಹಾಗೆ ಇಟ್ಟದ್ದು ಅಂಟಿಸಿದ ಅಲಂಕಾರವಾಗದೆ, ನೇಯ್ದಂತೆ ಒಳಗಿನಿಂದಲೇ ಬಂದದ್ದಾಗಬೇಕಾದರೆ ಏನು ಮಾಡಬೇಕು? ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಹಲವು ಚಿತ್ರಕಾರರು ಈ ಪ್ರಶ್ನೆಯನ್ನು ತಮ್ಮ ತಮ್ಮ ಬಗೆಯಲ್ಲಿ ಬಿಡಿಸಿದ್ದಾರೆ.

ಮೊದಲ ಹೆಸರು ಆನ್ರಿ ಮಾತೀಸ್. 1869ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಹುಟ್ಟಿದ ಅವನು ಬೆಳೆದದ್ದು ಬೊಎನ್ ಎಂಬ ನೇಕಾರರ ಊರಿನಲ್ಲಿ. ಮಗ್ಗದ ಸದ್ದು ಕೇಳುತ್ತಾ ಬೆಳೆದ ಹುಡುಗ ಎಂಬುದು ನನಗೆ ಅವನನ್ನು ಹತ್ತಿರದವನನ್ನಾಗಿ ಮಾಡುತ್ತದೆ. ಜೀವನವಿಡೀ ಬಟ್ಟೆಯ ತುಂಡುಗಳನ್ನು ಕೂಡಿಟ್ಟುಕೊಂಡವನು. 1908ರ ಅವನ ದೊಡ್ಡ ಕೆಂಪು ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಒಂದು ಮೇಜು, ಹಣ್ಣು ಜೋಡಿಸುತ್ತಿರುವ ಒಬ್ಬ ಹೆಂಗಸು, ಎಡಕ್ಕೆ ಹಸಿರು ಕಾಣುವ ಕಿಟಕಿ. ಮೇಜಿನ ಹಾಸೂ ಕೆಂಪು, ಗೋಡೆಯೂ ಅದೇ ಕೆಂಪು. ಹಾಸಿನ ಮೇಲಿನ ನೀಲಿ ಬಳ್ಳಿ ಮೇಜಿನ ತುದಿ ಮುಟ್ಟಿದ ಮೇಲೂ ನಿಲ್ಲದೆ ಗೋಡೆಯನ್ನು ಹತ್ತುತ್ತದೆ. ಮೇಜು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಹೇಳಲು ತೆಳ್ಳನೆಯ ಗೆರೆಯೊಂದೇ ಉಳಿದಿದೆ. ಬಳ್ಳಿಯ ಕಣ್ಣಿಗೆ ಮೇಜೂ ಇಲ್ಲ, ಗೋಡೆಯೂ ಇಲ್ಲ, ಒಂದೇ ಬಟ್ಟೆ. ಮೊದಲು ಅವನು ಇದನ್ನು ನೀಲಿಯಲ್ಲಿ ಬರೆದಿದ್ದ. ಕೊಂಡವರಿಗೆ ಕಳುಹಿಸುವ ಮುನ್ನ ಎಲ್ಲವನ್ನೂ ಕೆಂಪಾಗಿಸಿದ. ಇಡೀ ಚಿತ್ರದ ಬಣ್ಣವನ್ನು ಒಂದೇ ಸಲ ಬದಲಿಸುವ ಧೈರ್ಯ ಬರುವುದು ಚಿತ್ರವನ್ನು ವಸ್ತುಗಳ ಗುಂಪಾಗಿ ನೋಡದೆ ಒಂದು ಒಡಲಾಗಿ ನೋಡುವವನಿಗೆ. ಸೀರೆಯ ಒಡಲಿನ ಬಣ್ಣ ಬದಲಾಯಿಸುವಾಗ ಯಾರೂ ಬುಟ್ಟಾವನ್ನು ಕೇಳುವುದಿಲ್ಲ.

ಅದೇ ಕಾಲದಲ್ಲಿ, 1910ರ ಸುಮಾರಿಗೆ, ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಅಲಂಕಾರವನ್ನು ಅಪರಾಧದ ಜೊತೆ ಸೇರಿಸಿ ಭಾಷಣ ಮಾಡಿದ. ಹಚ್ಚೆ ಹಾಕಿಸಿಕೊಳ್ಳುವ ಪಪುವಾದ ಜನರನ್ನು ಹಿಂದುಳಿದವರೆಂದು ತೋರಿಸಿ, ನಾಗರಿಕನಾದವನು ಅಲಂಕಾರವನ್ನು ಬಿಡುತ್ತಾನೆ ಎಂದ. ಮುಂದಿನ ಅರ್ಧ ಶತಮಾನ ಬಿಳಿ ಗೋಡೆಯೇ ಬುದ್ಧಿವಂತಿಕೆಯ ಗುರುತಾಯಿತು. ಅಲಂಕಾರ ಹೆಂಗಸರ ಪಾಲಿಗೆ, ಹಳ್ಳಿಯವರ ಪಾಲಿಗೆ, ಪೂರ್ವದೇಶಗಳ ಪಾಲಿಗೆ ಬಂತು. "ಬರೀ ಡಿಸೈನ್" ಎಂಬ ಮಾತಿನ ಬೇರು ಇಲ್ಲಿಯೂ ಇದೆ. ನಮ್ಮದಲ್ಲದ ತಿರಸ್ಕಾರವೊಂದನ್ನು ನಾವು ಕಲಾಶಾಲೆಗಳ ಮೂಲಕ ಕಲಿತುಕೊಂಡಿದ್ದೇವೆ.

ಇದರ ವಿರುದ್ಧ ಎದ್ದ ದನಿಗಳಲ್ಲಿ ಹೆಂಗಸರದ್ದೇ ಗಟ್ಟಿ. 1970ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಮಿರಿಯಮ್ ಶಪೀರೊ, ಜಾಯ್ಸ್ ಕೋಝ್ಲಾಫ್, ವ್ಯಾಲರಿ ಜೋಡನ್, ರಾಬರ್ಟ್ ಕುಶ್ನರ್ ಮೊದಲಾದವರು ವಿನ್ಯಾಸ ಮತ್ತು ಅಲಂಕಾರವನ್ನೇ ತಮ್ಮ ಚಳವಳಿಯ ಹೆಸರಾಗಿಸಿಕೊಂಡರು. ಶಪೀರೊ ಕರವಸ್ತ್ರ, ಕಸೂತಿ, ಬಟ್ಟೆಯ ತುಂಡುಗಳನ್ನು ಕ್ಯಾನ್ವಾಸಿಗೆ ಅಂಟಿಸಿ ಬಣ್ಣದ ಜೊತೆ ಬೆರೆಸಿದಳು. ಅಜ್ಜಿಯರ ಹೊಲಿಗೆಗೆ ಚಿತ್ರಶಾಲೆಯಲ್ಲಿ ಜಾಗ ಸಿಕ್ಕಿತು. ಲಂಡನ್ನಿನ ಕಲಾವಿದ ಯಿಂಕಾ ಶೋನಿಬಾರೆ 1994ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕ್ಯಾನ್ವಾಸನ್ನೇ ಕೈಬಿಟ್ಟು, ಆಫ್ರಿಕದ್ದೆಂದು ಎಲ್ಲರೂ ನಂಬಿದ ಢಾಳು ಬಣ್ಣದ ಬಟ್ಟೆಯನ್ನು ಚೌಕಟ್ಟುಗಳಿಗೆ ಬಿಗಿದು ಅದರ ಮೇಲೆ ಬಣ್ಣ ಹಚ್ಚಿದ. ಆ ಬಟ್ಟೆಯ ಕಥೆ ಕೇಳಿ: ಮೇಣ ಬಳಿದು ಬಟ್ಟೆಗೆ ಬಣ್ಣ ಹಾಕುವ ಇಂಡೊನೇಷ್ಯಾದ ಬಾಟಿಕ್ ಕಲೆಯನ್ನು ಡಚ್ಚರು ಯಂತ್ರದಲ್ಲಿ ನಕಲಿಸಿ, ಪಶ್ಚಿಮ ಆಫ್ರಿಕದಲ್ಲಿ ಮಾರಿದ ಮಾಲು ಅದು. ಒಂದು ಹೂವಿನ ಅಚ್ಚಿನೊಳಗೆ ಮೂರು ಖಂಡಗಳ ವ್ಯಾಪಾರವಿದೆ. ಇಲ್ಲಿ ವಿನ್ಯಾಸ ಕಣ್ಣಿನ ಸಂಗತಿಯಾಗಿ ಉಳಿಯುವುದಿಲ್ಲ, ಪಾಸ್‌ಪೋರ್ಟಿನ ಹಾಗೆ ತಾನು ಎಲ್ಲೆಲ್ಲಿ ಹಾದುಬಂದೆ ಎಂಬುದನ್ನು ಮೈಮೇಲೆ ಹೊತ್ತಿರುತ್ತದೆ.

ನಮ್ಮ ದೇಶದಲ್ಲಿ ಚಿತ್ರಕಾರರು ಮಗ್ಗದ ಬಳಿಗೆ ಬಂದದ್ದು ಸರಕಾರಿ ನೌಕರಿಯ ಮೂಲಕ. 1950ರ ದಶಕದಲ್ಲಿ ಶುರುವಾದ ನೇಕಾರರ ಸೇವಾ ಕೇಂದ್ರಗಳು ಯುವ ಚಿತ್ರಕಾರರನ್ನು ವಿನ್ಯಾಸಕಾರರಾಗಿ ನೇಮಿಸಿಕೊಂಡವು. ಅರ್ಪಿತಾ ಸಿಂಗ್ ಅಂಥ ಕೇಂದ್ರದಲ್ಲಿ ಕೆಲಸ ಮಾಡಿದವರು, ಪ್ರಭಾಕರ ಬರ್ವೆ ಕೂಡ. ಉತ್ತರ ಕೇರಳದ ಕೂತುಪರಂಬದಲ್ಲಿ ಹುಟ್ಟಿ ಮಾಹೆಯಲ್ಲಿ ಬೆಳೆದ ಕೆ. ಜಿ. ಸುಬ್ರಮಣ್ಯನ್ 1959ರಿಂದ 1961ರವರೆಗೆ ಅಖಿಲ ಭಾರತ ಕೈಮಗ್ಗ ಮಂಡಳಿಯಲ್ಲಿದ್ದರು. ಹೊಟ್ಟೆಪಾಡಿನ ಆ ವರ್ಷಗಳು ಅವರ ಚಿತ್ರಗಳಲ್ಲಿ ಆಮೇಲೆ ಬಹುಕಾಲ ಬದುಕಿದವು.

ಸುಬ್ರಮಣ್ಯನ್ ಗಾಜಿನ ಮೇಲೆ, ಆಮೇಲೆ ಅಕ್ರಿಲಿಕ್ ಹಾಳೆಯ ಮೇಲೆ ಹಿಂಬದಿಯಿಂದ ಬರೆದ ಚಿತ್ರಗಳನ್ನು ಇಲ್ಲಿ ನೆನೆಯಲೇಬೇಕು. ಹಿಂದಿನ ಕಾಲದಲ್ಲಿ ಮನೆಗಳ ಪಡಸಾಲೆಯಲ್ಲಿ ದೇವರ ಗಾಜಿನ ಚಿತ್ರಗಳಿರುತ್ತಿದ್ದವಲ್ಲ, ಅದೇ ಪದ್ಧತಿ. ಕ್ಯಾನ್ವಾಸಿನಲ್ಲಿ ಮೊದಲು ಹಿನ್ನೆಲೆ, ಆಮೇಲೆ ಮೈ, ಕೊನೆಗೆ ಒಡವೆ. ಗಾಜಿನ ಹಿಂಬದಿಯಲ್ಲಿ ಎಲ್ಲವೂ ತಿರುಗುಮುರುಗು. ಕಣ್ಣಿನ ಬೊಟ್ಟು, ಮೂಗುತಿ, ಸೀರೆಯ ಚುಕ್ಕಿ ಮೊದಲು ಬರಬೇಕು, ಮೈಬಣ್ಣ ಆಮೇಲೆ, ಹಿನ್ನೆಲೆ ಎಲ್ಲಕ್ಕಿಂತ ಕೊನೆಗೆ. ಅಲಂಕಾರ ಮೈಯ ಮೇಲೆ ಕೂಡಿಸಿದ್ದು ಎನ್ನುವ ಮಾತಿಗೆ ಇಲ್ಲಿ ನೆಲೆಯೇ ಇಲ್ಲ. ಮೂಗುತಿ ಮೊದಲು ಹುಟ್ಟಿತು, ಮೂಗು ಅದಕ್ಕೆ ಒದಗಿ ಬಂತು.

ನಮ್ಮ ಜಿಲ್ಲೆಯಲ್ಲಿಯೇ, ಧರ್ಮಾವರದ ಹತ್ತಿರದ ನಿಮ್ಮಲಕುಂಟದಲ್ಲಿ, ಇದೇ ಪ್ರಶ್ನೆಗೆ ಬೇರೊಂದು ಉತ್ತರವಿದೆ. ತೊಗಲುಗೊಂಬೆ ಮಾಡುವ ಊರದು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿದೆ. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುಮಾಡಿ, ಬಣ್ಣ ಹಾಕಿ, ಸಣ್ಣ ಉಳಿಗಳಿಂದ ತೂತು ಹೊಡೆಯುತ್ತಾರೆ. ಸೀತೆಯ ಹಾರ, ರಾವಣನ ಕಿರೀಟ ಎಲ್ಲವೂ ತೂತುಗಳ ಸಾಲು. ಹಗಲಿನಲ್ಲಿ ಕೈಯಲ್ಲಿ ಹಿಡಿದರೆ ಒಡವೆ ಇರಬೇಕಾದಲ್ಲಿ ಏನೂ ಇಲ್ಲ. ರಾತ್ರಿ ಪರದೆಯ ಹಿಂದೆ ದೀಪ ಹಚ್ಚಿದಾಗ ಆ ಇಲ್ಲದಿರುವಿಕೆಯೇ ಹೊಳೆಯುತ್ತದೆ. ಮೇಲ್ಮೈಯನ್ನು ತೆಗೆದುಹಾಕಿ ವಿನ್ಯಾಸ ಮಾಡುವ ಈ ಉಪಾಯಕ್ಕಿಂತ ಸೊಗಸಾದದ್ದನ್ನು ನಾನು ಯಾವ ದೊಡ್ಡ ಗ್ಯಾಲರಿಯಲ್ಲೂ ಕಂಡಿಲ್ಲ.

ಅರ್ಪಿತಾ ಸಿಂಗ್ ಅವರ ಕ್ಯಾನ್ವಾಸಿನಲ್ಲಿ ಹೂವು, ವಿಮಾನ, ಬಂದೂಕು, ಅಂಕಿ, ಅಕ್ಷರ ಎಲ್ಲವೂ ಒತ್ತೊತ್ತಾಗಿ ಬರುತ್ತವೆ. ಸುತ್ತ ಹಲವು ಸಲ ಕೌದಿಯ ಅಂಚಿನಂಥ ಪಟ್ಟಿ. ಬಂಗಾಳದ ಕಾಂಥಾ ಹೊಲಿಗೆಯ ನೆನಪು ಅದರಲ್ಲಿದೆ. ಬಂದೂಕು ಹೂವಿನಷ್ಟೇ ಗಾತ್ರದಲ್ಲಿ, ಹೂವಿನಷ್ಟೇ ಸಲೀಸಾಗಿ ಬಂದು ಕೂರುತ್ತದೆ. ಮನೆಯೊಳಗಿನ ಬದುಕಿನಲ್ಲಿ ಭಯ ಹೀಗೆಯೇ ಬೆರೆತಿರುತ್ತದೆ ಎಂದು ನನಗೆ ಅವರ ಚಿತ್ರಗಳ ಮುಂದೆ ಅರಿವಾಯಿತು.

ಮೈಸೂರಿನ ಎನ್. ಎಸ್. ಹರ್ಷ ಮನುಷ್ಯರನ್ನೇ ಬುಟ್ಟಾ ಮಾಡಿದ್ದಾರೆ. 1999ರಿಂದ 2001ರ ನಡುವೆ ಮಾಡಿದ ಮೂರು ಭಾಗಗಳ ಚಿತ್ರವೊಂದರಲ್ಲಿ ಜನ ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಸಾಲುಸಾಲು, ಪಂಕ್ತಿ ಪಂಕ್ತಿ. 2008ರ ಇನ್ನೊಂದು ಚಿತ್ರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕುಳಿತ ಸಾವಿರಾರು ಜನ ನಮ್ಮತ್ತ ಮುಖ ಮಾಡಿ ಭಾಷಣಕ್ಕಾಗಿ ಕಾಯುತ್ತಿದ್ದಾರೆ. ಹತ್ತು ಹೆಜ್ಜೆ ದೂರದಿಂದ ಅದು ಅಚ್ಚೊತ್ತಿದ ಬಟ್ಟೆ. ಒಂದು ಅಡಿ ದೂರಕ್ಕೆ ಹೋದರೆ ಒಬ್ಬನ ಹಾಗೆ ಇನ್ನೊಬ್ಬನಿಲ್ಲ. ಪ್ರತಿಯೊಬ್ಬರಿಗೂ ಬೇರೆ ಮುಖ, ಬೇರೆ ಉಡುಪು, ಕೂರುವ ಬೇರೆ ಭಂಗಿ. ಜಕಾರ್ಡ್ ಕಾರ್ಡು ಒಮ್ಮೆ ತೂತು ಹೊಡೆದ ಮೇಲೆ ಸಾವಿರ ಹಂಸಗಳನ್ನು ಒಂದೇ ಎರಕದಲ್ಲಿ ಕೊಡುತ್ತದೆ. ಕುಂಚಕ್ಕೆ ಅದು ಸಾಧ್ಯವಿಲ್ಲ, ಮತ್ತು ಸಾಧ್ಯವಿಲ್ಲದಿರುವುದೇ ಅದರ ಬಲ. ಚಿತ್ರದಲ್ಲಿ ಪುನರಾವರ್ತನೆ ಎಂದರೆ ಪ್ರತಿ ಸಲವೂ ಹೊಸದಾಗಿ ಗಮನ ಕೊಡುವುದು. ಪಂಕ್ತಿಯಲ್ಲಿ ಬಡಿಸುವವರು ಪ್ರತಿ ಎಲೆಯ ಮುಂದೆ ಬಗ್ಗುವ ಹಾಗೆ.

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಚಿತ್ರಕಲೆಯಲ್ಲಿ ತರಬೇತಿ ಪಡೆದು, ಕ್ಯಾನ್ವಾಸಿನಿಂದ ಸಗಣಿಗೂ ನೂಲಿಗೂ ನಡೆದು ಬಂದವರು. 1998ರ ಅವರ ಪ್ರಸಿದ್ಧ ಕೃತಿಯಲ್ಲಿ ಸೂಜಿಗಳ ಮೂಲಕ ಹಾಯಿಸಿದ ಉದ್ದನೆಯ ನೂಲುಗಳನ್ನು ಕುಂಕುಮದಿಂದ ಕೆಂಪಾಗಿಸಿ, ಹುರಿಯಾಗಿ ಹೊಸೆದು ಗೋಡೆ ಮತ್ತು ನೆಲದ ಮೇಲೆ ಹರಿಯಬಿಟ್ಟಿದ್ದಾರೆ. ಚಿತ್ರಕ್ಕೆ ಆಧಾರವಾಗಿದ್ದ ಬಟ್ಟೆ ಬಿಚ್ಚಿಕೊಂಡು ಎಳೆಯಾಗಿ, ಬಣ್ಣ ಆ ಎಳೆಯಲ್ಲೇ ಕುಳಿತು, ಗೆರೆಯಾಗಿ ಕೋಣೆಯೊಳಗೆ ಬಂದಿದೆ.

ಇವುಗಳನ್ನೆಲ್ಲ ನೋಡಲು ವಿಶೇಷ ಓದು ಬೇಕಿಲ್ಲ, ಸೀರೆ ಕೊಳ್ಳುವಾಗಿನ ಎಚ್ಚರ ಸಾಕು. ವಿನ್ಯಾಸ ಚಿತ್ರದ ಅಂಚಿಗೆ ಬಂದಾಗ ಏನಾಗುತ್ತದೆ ಎಂದು ನೋಡಿ. ಅಚ್ಚುಕಟ್ಟಾಗಿ ತಿರುಗಿ ಒಳಗೇ ಉಳಿದರೆ ಅದು ಸೀರೆ: ತಾನೇ ಪೂರ್ಣ. ಹೂವಿನ ಅರ್ಧಕ್ಕೆ ಕತ್ತರಿಸಿಹೋದರೆ ಅದು ಬಟ್ಟೆಯ ಥಾನಿನಿಂದ ಹರಿದ ತುಂಡು: ಚೌಕಟ್ಟಿನ ಆಚೆಗೂ ಅದು ಹಬ್ಬಿದೆ ಎಂದು ಚಿತ್ರಕಾರ ಹೇಳುತ್ತಿದ್ದಾನೆ. ಲೇಪಾಕ್ಷಿಯಲ್ಲಿ ಗಾರೆ ಉದುರಿದ ಕಡೆ ಇದು ಬೇರೆ ಬಗೆಯಲ್ಲಿ ಕಾಣುತ್ತದೆ. ಮುಖ ಅಳಿಸಿದಲ್ಲಿ ಅದು ಯಾರೆಂದು ಹೇಳಲಾಗದು. ಅಂಚಿನ ಬಳ್ಳಿ ಅಳಿಸಿದಲ್ಲಿ ಕಣ್ಣು ತಾನಾಗಿ ಬರಿಗಲ್ಲಿನ ಮೇಲೆ ಬಳ್ಳಿಯನ್ನು ಮುಂದುವರಿಸಿ ಆಚೆಯ ತುದಿಗೆ ಕೂಡಿಸುತ್ತದೆ.

ಹೋಗುವವರು ಒಂದು ಸಣ್ಣ ಕೈಗನ್ನಡಿ ಒಯ್ಯಿರಿ. ಬೆಳಿಗ್ಗೆ ಅಂಗಳದ ಕಲ್ಲುಹಾಸಿನಿಂದ ಬೆಳಕು ಪುಟಿದು ಮಾಳಿಗೆಗೆ ಏರುವ ಹೊತ್ತಿನಲ್ಲಿ ಕಂಬಕ್ಕೆ ಒರಗಿ ಕುಳಿತು, ಕನ್ನಡಿಯನ್ನು ಮಡಿಲಲ್ಲಿಟ್ಟುಕೊಂಡು ಬಗ್ಗಿ ನೋಡಿ. ಕತ್ತು ನೋಯುವುದಿಲ್ಲ. ಎಡಬಲ ಅದಲುಬದಲಾಗುವುದರಿಂದ ಕಥೆ ಕೈಬಿಟ್ಟುಹೋಗುತ್ತದೆ. ಅರ್ಜುನನ ಬಾಣ ಬೇರೆ ದಿಕ್ಕಿಗೆ ಹೊರಟಿರುತ್ತದೆ, ಮೆರವಣಿಗೆ ಬಂದ ದಾರಿಯಲ್ಲೇ ಹಿಂದಿರುಗುತ್ತಿರುತ್ತದೆ. ಆ ಸಖಿಯೂ ಇನ್ನೊಂದು ಕಾಲು ಮುಂದಿಟ್ಟಿರುತ್ತಾಳೆ. ಅವಳ ಸೀರೆಯ ಚೌಕಳಿ ಮಾತ್ರ ಮೇಲೆ ಹೇಗಿದೆಯೋ ಮಡಿಲಲ್ಲೂ ಹಾಗೆಯೇ ಇರುತ್ತದೆ.